ಹಾಟ್‌ಸೀಟು ಕನ್ನಡದ್ದು, ದನಿ ಯಾರದ್ದು?

2012ರ ಮಾರ್ಚ್ 12ರಂದು ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾಯಿತು. ನಡೆಸಿಕೊಟ್ಟವರು ಪುನೀತ್ ರಾಜ್‌ಕುಮಾರ್. ಆಟ ನಮ್ಮದಲ್ಲ. 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಹುಟ್ಟಿದ ಆಟ ಅದು. 2000ದ ಜುಲೈಯಲ್ಲಿ ಅಮಿತಾಭ್ ಬಚ್ಚನ್ ಅದನ್ನು ಹಿಂದಿಗೆ ತಂದರು. ಕನ್ನಡಕ್ಕೆ ಬರುವ ಹೊತ್ತಿಗೆ ಸುವರ್ಣದ್ದೇ ಬಳಗದ ವಾಹಿನಿಗಳಲ್ಲಿ ತಮಿಳಿಗೆ ಸೂರ್ಯ, ಮಲಯಾಳಕ್ಕೆ ಸುರೇಶ್ ಗೋಪಿ ಸಿದ್ಧರಾಗಿದ್ದರು. ನಾಲ್ಕು ಉತ್ತರ, ಲೈಫ್‌ಲೈನು, ಎದೆ ಬಡಿತದಂಥ ಆ ಹಿನ್ನೆಲೆ ಸಂಗೀತ, ಎದುರುಬದುರು ಕುರ್ಚಿ, ಎಲ್ಲ ಒಂದೇ ಅಚ್ಚಿನವು. ಆದರೂ ಇದು ಪರಭಾಷೆಯದು ಎಂದು ಯಾರೂ ಬೀದಿಗಿಳಿಯಲಿಲ್ಲ. ಕೂತವರು ಕನ್ನಡಿಗರು, ಕೇಳಿದವರು ರಾಜಣ್ಣನ ಮಗ, ಪ್ರಶ್ನೆ ಕನ್ನಡದಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಊಟದ ಹೊತ್ತಿಗೆ ಉತ್ತರ ಹೇಳುವ ಪೈಪೋಟಿ ನಡೆಯಿತು.

ಎರಡು ತಿಂಗಳು ಕಳೆಯುವುದರೊಳಗೆ ಅದೇ ಬಳಗದ ಇನ್ನೊಂದು ಕಾರ್ಯಕ್ರಮಕ್ಕೆ ಕನ್ನಡದ ಬಾಗಿಲು ಮುಚ್ಚಿತು. ಆಮಿರ್ ಖಾನ್ ನಡೆಸಿದ ‘ಸತ್ಯಮೇವ ಜಯತೇ’ 2012ರ ಮೇ 6ರ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ದೇಶದ ತುಂಬ ಪ್ರಸಾರವಾಯಿತು. ಹಿಂದಿಯ ಜೊತೆಗೆ ಮರಾಠಿ, ಬಂಗಾಳಿ, ತಮಿಳು, ತೆಲುಗು, ಮಲಯಾಳಂ ದನಿಗಳಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಕಿರುತೆರೆಯ ಸಂಘವೂ ಡಬ್ಬಿಂಗ್ ಕೂಡದು ಎಂದು ಗಟ್ಟಿಯಾಗಿ ನಿಂತವು, ವಾಹಿನಿ ಹಿಂದೆ ಸರಿಯಿತು. ಅಲ್ಲಿಂದ ಎಂಟು ವರ್ಷ ಕನ್ನಡದ ನೋಡುಗರು ಎರಡು ಬಣವಾಗಿ ಜಗಳವಾಡಿದರು. ಟಿವಿಯಲ್ಲಿ ಏನು ಬರಬೇಕು ಎಂಬ ಪ್ರಶ್ನೆಗೆ ಇಷ್ಟು ದೀರ್ಘ, ಇಷ್ಟು ಮನಸ್ಸು ಮುರಿದ ಜಗಳ ಕನ್ನಡದಲ್ಲಿ ಬೇರೆ ನಡೆದಿಲ್ಲ. ಆ ಜಗಳವನ್ನು ಬೆಂಗಳೂರಿನಿಂದ ನೋಡಿ ಬರೆದವರು ಬಹಳ ಮಂದಿ. ನಾನು ಘಟಪ್ರಭೆಯ ದಂಡೆಯ ಗೋಕಾಕದಿಂದ ನೋಡಿ ಬರೆಯುತ್ತಿದ್ದೇನೆ. ಇಲ್ಲಿಂದ ಕಾಣುವ ಚಿತ್ರ ಬೇರೆ.

ವಿರೋಧಿಸಿದವರ ಮಾತನ್ನು ಮೊದಲು ಹೇಳಬೇಕು, ಅದು ಹಗುರವಾದದ್ದಲ್ಲ. 1950ರ ದಶಕದಲ್ಲಿ ಕನ್ನಡ ಸಿನಿಮಾ ಎಂದರೆ ಮದ್ರಾಸಿನ ಸ್ಟುಡಿಯೊಗಳ ಮೂಲೆಯಲ್ಲಿ ಬದುಕಿದ್ದ ಉದ್ಯಮ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಕೆಲಸವಿಲ್ಲದ ಕಲಾವಿದರು ಸೇರಿ ಸಂಘ ಕಟ್ಟಿಕೊಂಡು, ಊರೂರಿಗೆ ನಾಟಕವಾಡಿ ಹಣ ಕೂಡಿಸಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಅದರ ಹಿಂದಿದ್ದರು. ಅಂಥ ಹೊತ್ತಿನಲ್ಲಿ ತೆಲುಗು, ತಮಿಳು ಚಿತ್ರಗಳು ಕನ್ನಡದ ದನಿ ತೊಟ್ಟು ಬಂದು ಟಾಕೀಸುಗಳನ್ನು ತುಂಬಿದರೆ ಮೂಲ ಕನ್ನಡ ಚಿತ್ರ ತೆಗೆಯುವವರು ಯಾರು? ಅನಕೃ, ಮ. ರಾಮಮೂರ್ತಿ ಮುಂತಾದವರ ಕನ್ನಡ ಚಳವಳಿ ಈ ಭಯವನ್ನು ಹೋರಾಟವಾಗಿಸಿತು. ‘ಮಾಯಾಬಜಾರ್’ ಕನ್ನಡದ ದನಿಯಲ್ಲಿ 1965ರಲ್ಲಿ ಬಂದದ್ದೇ ಆ ಕಾಲದ ಕೊನೆಯ ಸಾಲಿನದು. ಆಮೇಲೆ ಬಾಗಿಲು ಮುಚ್ಚಿತು. ಕಾಯ್ದೆ ಬಂದು ಮುಚ್ಚಿದ್ದಲ್ಲ, ಉದ್ಯಮದ ಒಳಗಿನ ಒಪ್ಪಂದ ಮುಚ್ಚಿದ್ದು. ಆದರೆ ಕಾಯ್ದೆಗಿಂತ ಬಿಗಿಯಾಗಿತ್ತು.

ಆ ಬಾಗಿಲು ಮುಚ್ಚುತ್ತ ಬಂದದ್ದರಿಂದ ಗೋಕಾಕಕ್ಕೂ ಲಾಭವಾಯಿತು ಎನ್ನಲೇಬೇಕು. ನಮ್ಮೂರಿನಲ್ಲಿ ನೆಲೆಸಿ ಬರೆದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು ತೆರೆಗೆ ಹೋದವು. ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಯಿತು, ಮರುವರ್ಷ ‘ಕುಲವಧು’, 1977ರಲ್ಲಿ ‘ಸನಾದಿ ಅಪ್ಪಣ್ಣ’. ಮೂರರಲ್ಲೂ ರಾಜ್‌ಕುಮಾರ್. ಸನಾದಿ ಊದುವವನ ಬಾಳನ್ನು ಕನ್ನಡ ಸಿನಿಮಾ ಕಣ್ತುಂಬ ನೋಡಿದ್ದು ಉತ್ತರ ಕರ್ನಾಟಕದ ಒಬ್ಬ ಮೇಷ್ಟರ ಬರಹದಿಂದ. ಪಕ್ಕದ ಭಾಷೆಯ ಸಿದ್ಧ ಸರಕು ಅಗ್ಗಕ್ಕೆ ಸಿಗುತ್ತಿದ್ದರೆ ನಿರ್ಮಾಪಕರು ಕಾದಂಬರಿ ಹುಡುಕಿಕೊಂಡು ಇಷ್ಟು ದೂರ ಬರುತ್ತಿದ್ದರೇ? ಬರುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಗಡಿಯವರಿಗೆ ಈ ಭಯ ಇನ್ನೂ ಹಳೆಯದು. ಸಾಂಗ್ಲಿ, ಕೊಲ್ಲಾಪುರದ ಮರಾಠಿ ನಾಟಕ ಕಂಪನಿಗಳು ಕನ್ನಡದ ಊರುಗಳನ್ನು ಆಳುತ್ತಿದ್ದ ಕಾಲವೊಂದಿತ್ತು. ಅದನ್ನು ಕಂಡು ಕುದಿದು ಗದುಗಿನ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ನಾಟಕ ಬರೆದು ಮಂಡಳಿ ಕಟ್ಟಿದರು. ಉತ್ತರ ಕರ್ನಾಟಕದ ಕನ್ನಡಾಭಿಮಾನ ಹುಟ್ಟಿದ್ದೇ ರಂಗದ ಮೇಲೆ ಯಾರ ಮಾತು ಕೇಳಿಸಬೇಕು ಎಂಬ ಛಲದಿಂದ. ಆದ್ದರಿಂದ 2012ರಲ್ಲಿ ಡಬ್ಬಿಂಗ್ ಬೇಡ ಎಂದ ಗೋಕಾಕದವರನ್ನು ಬೆಂಗಳೂರಿನ ಸಿನಿಮಾದವರ ಹಿಂಬಾಲಕರು ಎನ್ನುವುದು ತಪ್ಪು. ಅವರಿಗೆ ಅವರದೇ ನೆನಪುಗಳಿದ್ದವು.

ಆದರೆ ಇದೇ ಸೀಮೆ ಇನ್ನೊಂದು ಪಾಠವನ್ನೂ ಕಲಿಸಿದೆ. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ದೂರದ ರಾಯಚೂರಿನ ಕಡೆಯ ಕೃತಿ. ಅಖಂಡ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣ ಅದನ್ನು ಬಯಲಾಟಕ್ಕೆ ಒಗ್ಗಿಸಿದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದಳು. ಎಲ್ಲಿಂದಲೋ ಬಂದದ್ದು ಇಲ್ಲಿಯ ಬಾಯಿಗೆ ಹೊಂದಿ, ಇಲ್ಲಿಯದೇ ಆಗಿ, ಆಮೇಲೆ ಇಲ್ಲಿಂದಲೇ ಹೊರಗೆ ಹೋಯಿತು. ‘ಕೋಟ್ಯಧಿಪತಿ’ಯನ್ನು ಒಪ್ಪಿಕೊಂಡ ಜನ ಅದನ್ನು ಒಪ್ಪಿಕೊಂಡದ್ದು ಇದೇ ಲೆಕ್ಕದಲ್ಲಿ. ಡಬ್ಬಿಂಗ್ ವಿರೋಧಿಗಳೂ ಆಗ ಅದನ್ನೇ ಹೇಳುತ್ತಿದ್ದರು: ಆಟ ತನ್ನಿ, ಕಥೆ ತನ್ನಿ, ಆದರೆ ಮಾಡುವವರು ನಮ್ಮವರಿರಲಿ. ಕ್ಯಾಮೆರಾ ಹಿಡಿಯುವವನಿಂದ ಬಣ್ಣ ಹಚ್ಚುವವನವರೆಗೆ ಕನ್ನಡದ ಮಂದಿಗೆ ಕೂಲಿ ಸಿಗಲಿ.

ಆ ವಾದ ಮುರಿದುಬಿದ್ದದ್ದು ‘ಸತ್ಯಮೇವ ಜಯತೇ’ಯ ಎದುರು. ಅದನ್ನು ಕನ್ನಡದಲ್ಲಿ ಮತ್ತೆ ತೆಗೆಯಲು ಸಾಧ್ಯವೇ ಇರಲಿಲ್ಲ. ಮೊದಲ ಕಂತು ಹೆಣ್ಣು ಭ್ರೂಣಹತ್ಯೆಯದು. ಎರಡನೆಯದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಮೂರನೆಯದು ವರದಕ್ಷಿಣೆ. ಮುಂದೆ ಕ್ರಿಮಿನಾಶಕದ ವಿಷ, ಅಸ್ಪೃಶ್ಯತೆ, ನೀರು. ಅನುಭವಿಸಿದವರೇ ಎದುರು ಕೂತು ತಮ್ಮ ಬಾಳು ಹೇಳುತ್ತಿದ್ದರು. ನಟಿಯೊಬ್ಬಳನ್ನು ಕೂರಿಸಿ ಅವರ ಕಣ್ಣೀರನ್ನು ರೀಮೇಕ್ ಮಾಡಲಾದೀತೇ?

ಆ ಕಂತುಗಳು ಮುಟ್ಟಬೇಕಾದದ್ದು ಯಾರನ್ನು? ಹಿಡಕಲ್ ಅಣೆಕಟ್ಟಿನ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದು ಅದಕ್ಕೆ ಎಣ್ಣೆ ಹೊಡೆಯುವ ರೈತನನ್ನು. ಎರಡನೆಯದೂ ಹೆಣ್ಣಾದರೆ ಅತ್ತೆಯ ಮೋರೆ ನೋಡಲು ಅಂಜುವ ಸೊಸೆಯನ್ನು. ಊರ ಹೊರಗಿನ ಓಣಿಯಲ್ಲಿ ಬೇರೆ ಕೊಡ, ಬೇರೆ ಬಾವಿ ಕಂಡು ಬೆಳೆದ ಹುಡುಗನನ್ನು. ಹಿಂದಿ ಬಲ್ಲವರು ದೂರದರ್ಶನದಲ್ಲಿ ನೋಡಿದರು. ಸಂಕೇಶ್ವರದಾಚೆ ಸ್ವಲ್ಪ ಹೋದರೆ ಗಡಹಿಂಗ್ಲಜ, ನಂಟಸ್ತಿಕೆ ಎರಡೂ ಕಡೆ, ಹೀಗಾಗಿ ಮರಾಠಿ ಬಲ್ಲವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮರಾಠಿ ದನಿ ಇತ್ತು. ಕನ್ನಡ ಒಂದನ್ನೇ ನಂಬಿ ಬದುಕಿದವರಿಗೆ ಮಾತ್ರ ಏನೂ ಇರಲಿಲ್ಲ. ಕನ್ನಡವನ್ನು ಉಳಿಸುವ ಹೆಸರಿನಲ್ಲಿ ಕನ್ನಡ ಮಾತ್ರ ಬಲ್ಲವರನ್ನೇ ಹೊರಗಿಟ್ಟಂತಾಯಿತು. ಗಡಿಯಲ್ಲಿ ನಿಂತವರಿಗೆ ಇದು ಬೆಂಗಳೂರಿನವರಿಗಿಂತ ಬೇಗ ಚುಚ್ಚಿತು, ಯಾಕೆಂದರೆ ಇಲ್ಲಿ ಒಂದು ಭಾಷೆಯಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಕ್ಕರೆ ಮಕ್ಕಳು ಆ ಇನ್ನೊಂದರ ಕಡೆಗೇ ಜಾರುತ್ತಾರೆ.

ಬೆಂಗಳೂರಿನಲ್ಲಿ ಬನವಾಸಿ ಬಳಗದಂಥ ಗುಂಪುಗಳು ಇದನ್ನೇ ಇನ್ನೊಂದು ಮಾತಿನಲ್ಲಿ ಹೇಳಿದವು: ಕನ್ನಡದಲ್ಲಿ ನೋಡುವುದು ನೋಡುಗನ ಹಕ್ಕು. ಕನ್ನಡ ಗ್ರಾಹಕರ ಕೂಟ 2012ರಲ್ಲೇ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಅಲ್ಲಿಂದ ಜಗಳ ಪತ್ರಿಕೆಯ ಪುಟಗಳಿಂದ ಕಾಗದಪತ್ರಗಳಿಗೆ ಇಳಿಯಿತು. ಚಿತ್ರರಂಗವೂ ಸುಮ್ಮನಿರಲಿಲ್ಲ. 2014ರ ಜನವರಿಯಲ್ಲಿ ಕೆಲಸ ನಿಲ್ಲಿಸಿ ಬೆಂಗಳೂರಿನ ಬೀದಿಯಲ್ಲಿ ಮೆರವಣಿಗೆ ಹೊರಟಿತು, ಶಿವರಾಜ್‌ಕುಮಾರ್ ಮುಂತಾದ ನಟರು ನಡೆದರು, ವಾಟಾಳ್ ನಾಗರಾಜ್ ಗುಡುಗಿದರು. ಮೆಚ್ಚಿದ ನಟ ಒಂದು ಕಡೆ, ತನ್ನ ಮನೆಯ ಅಗತ್ಯ ಇನ್ನೊಂದು ಕಡೆ. ಅಭಿಮಾನಿಗೆ ಅಂಥ ಇಕ್ಕಟ್ಟು ಹಿಂದೆಂದೂ ಬಂದಿರಲಿಲ್ಲ. ರಾಜ್‌ಕುಮಾರ್ ಚಿತ್ರಪಟ ಗೋಡೆಯ ಮೇಲಿದ್ದ ಮನೆಗಳಲ್ಲೇ ಅಪ್ಪ ಬೇಡ ಎಂದ, ಮಗ ಬೇಕು ಎಂದ.

2015ರ ಜುಲೈ 27ರಂದು ಆಯೋಗದ ಆದೇಶ ಬಂತು. ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿ ವಾಣಿಜ್ಯ ಮಂಡಳಿಗೂ ಕಿರುತೆರೆ ಸಂಘಕ್ಕೂ ದಂಡ ಹಾಕಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ನಿಜದಲ್ಲಿ ತೆರೆಯಲು ಮತ್ತೆ ವರ್ಷಗಳು ಬೇಕಾದವು. 2017ರ ಮಾರ್ಚಿನಲ್ಲಿ ಅಜಿತ್ ಅವರ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡದ ದನಿ ತೊಟ್ಟು ಬಂದಾಗ ಅದಕ್ಕೆ ಟಾಕೀಸು ಸಿಗುವುದೇ ಕಷ್ಟವಾಯಿತು. 2019ರ ಹೊತ್ತಿಗೆ ಗಾಳಿ ತಿರುಗಿತು. ಅಕ್ಟೋಬರಿನಲ್ಲಿ ‘ಸೈರಾ ನರಸಿಂಹ ರೆಡ್ಡಿ’ ಕನ್ನಡದಲ್ಲೂ ಬಂತು, ಡಿಸೆಂಬರಿನಲ್ಲಿ ‘ದಬಂಗ್ 3’ರಲ್ಲಿ ಸುದೀಪ್ ತಮ್ಮ ಪಾತ್ರಕ್ಕೆ ತಾವೇ ಕನ್ನಡದ ದನಿ ಕೊಟ್ಟರು.

ಇಷ್ಟೆಲ್ಲ ನಡೆಯುವಾಗ ವಾಹಿನಿಗಳ ಒಳಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. ಇದರ ಬಗ್ಗೆ ಬರೆದದ್ದು ಕಡಿಮೆ. 2000ದ ಡಿಸೆಂಬರಿನಲ್ಲಿ ಬಂದ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದರು, ಟಿ.ಎನ್. ಸೀತಾರಾಮ್ ಅವರ ‘ಮುಕ್ತ ಮುಕ್ತ’ ಬರುತ್ತಿತ್ತು. ಹಳ್ಳಿ, ಕೋರ್ಟು, ರಾಜಕೀಯ, ಜಾತಿಯ ಮಾತು ಮನೆಯೊಳಗೆ ಕೂತು ಕೇಳುವ ನೋಡುಗರ ಒಂದು ವರ್ಗವನ್ನೇ ಆ ವಾಹಿನಿ ಬೆಳೆಸಿತ್ತು. 2012ರ ಹೊತ್ತಿಗೆ ಅಲ್ಲಿಗೆ ‘ಬಾಲಿಕಾ ವಧು’ವಿನ ರೀಮೇಕ್ ‘ಪುಟ್ಟಗೌರಿ ಮದುವೆ’ ಬಂತು, ಮರುವರ್ಷ ಬಿಗ್ ಬಾಸ್ ಬಂತು, 2015ರ ಏಪ್ರಿಲಿನಲ್ಲಿ ವಾಹಿನಿಯ ಹೆಸರೇ ಕಲರ್ಸ್ ಕನ್ನಡ ಆಯಿತು. 2018ರಲ್ಲಿ ಸೀತಾರಾಮ್ ‘ಮಗಳು ಜಾನಕಿ’ಯೊಂದಿಗೆ ಮರಳಿ ಬಂದಾಗ ಹಳೆಯ ನೋಡುಗರು ಹಿಗ್ಗಿದರು. ಮರುವರ್ಷ ಅದನ್ನು ಮುಖ್ಯ ವಾಹಿನಿಯಿಂದ ತೆಗೆದು ಕಲರ್ಸ್ ಸೂಪರ್‌ಗೆ ಕಳಿಸಿದಾಗ ಅವರು ನೊಂದುಕೊಂಡರು. 2020ರ ಲಾಕ್‌ಡೌನ್‌ನಲ್ಲಿ ಕಥೆ ಮುಗಿಯದೆಯೇ ಅದು ನಿಂತಿತು.

ಇದು ಡಬ್ಬಿಂಗ್ ಜಗಳದಲ್ಲಿ ಒಂದು ದೊಡ್ಡ ಸಂಗತಿ. ಯಾಕೆಂದರೆ ಡಬ್ಬಿಂಗ್ ತಡೆದರೆ ಸ್ವಂತ ಕಥೆಗಳು ಬೆಳೆಯುತ್ತವೆ ಎಂಬುದು ವಿರೋಧಿಗಳ ಗಟ್ಟಿ ನಂಬಿಕೆಯಾಗಿತ್ತು. ಡಬ್ಬಿಂಗ್ ಇಲ್ಲದ ಆ ವರ್ಷಗಳಲ್ಲೇ ರೀಮೇಕ್ ಧಾರಾವಾಹಿಗಳು ಸಂಜೆಯ ಹೊತ್ತನ್ನು ಹಿಡಿದುಕೊಂಡವು. 2016ರಲ್ಲಿ ಸುವರ್ಣ ವಾಹಿನಿ ಸ್ಟಾರ್ ಸುವರ್ಣವಾದ ದಿನವೇ ಶುರುವಾದ ‘ಹರ ಹರ ಮಹಾದೇವ’ ಹಿಂದಿಯ ಶಿವಕಥೆಯ ರೀಮೇಕು. ಅದರಲ್ಲಿ ಕನ್ನಡದ ನಟರಿಗೆ ಕೆಲಸ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಕಥೆ ಹೆಣೆಯುವ ಕೆಲಸ ಕನ್ನಡದವರ ಕೈಯಲ್ಲಿ ಉಳಿಯಲಿಲ್ಲ. ಸ್ವಂತ ಬುದ್ಧಿಯ ಆಟವೊಂದು ಇವೆಲ್ಲಕ್ಕೂ ಹೊರಗೆ ನಡೆದೇ ಇತ್ತು. 2002ರ ಜನವರಿಯಿಂದ ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’. ಗೆದ್ದವರಿಗೆ ಕೋಟಿ ಇಲ್ಲ, ಕನ್ನಡ ಪುಸ್ತಕಗಳು. ಪರದೇಶದ ಅಚ್ಚಿಗೆ ಹಣ ಕಟ್ಟದೆ ಸಾವಿರಾರು ಕಂತು ನಡೆದ ಆ ಕಾರ್ಯಕ್ರಮವನ್ನು ಡಬ್ಬಿಂಗ್‌ಪರರೂ ವಿರೋಧಿಗಳೂ ತಮ್ಮ ವಾದದಲ್ಲಿ ಮರೆತರು. ನನಗದು ಇಂದಿಗೂ ಬೇಸರದ ವಿಷಯ.

ಗೋಕಾಕದ ನೋಡುಗರಿಗೆ ಇನ್ನೊಂದು ತಕರಾರಿತ್ತು, ಅದನ್ನು ಎರಡೂ ಬಣ ಕೇಳಿಸಿಕೊಳ್ಳಲಿಲ್ಲ. ಸ್ವಂತದ್ದೋ ರೀಮೇಕೋ, ಧಾರಾವಾಹಿಯ ಮನೆ ಮಾತ್ರ ಮೈಸೂರು, ಬೆಂಗಳೂರಿನಲ್ಲೇ. ಅಲ್ಲಿಯ ಸೊಸೆ, ಅಲ್ಲಿಯ ಅತ್ತೆ, ಅಲ್ಲಿಯ ಮಾತು. ‘ಯಾಕಬೇ’, ‘ಏನ್ ಮಾಡಾಕತ್ತಿ’ ಎಂಬ ನಮ್ಮ ಮಾತು ಬಂದರೆ ನಗಿಸುವ ಪಾತ್ರದ ಬಾಯಲ್ಲಿ ಬರಬೇಕು, ಇಲ್ಲವೇ ಮನೆಗೆಲಸದವನ ಬಾಯಲ್ಲಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇದೇ ಮಾತಿನ ಬಲದಿಂದ ನಾಟಕ, ಕಾವ್ಯ ಕಟ್ಟಿದರು, ಅವರಿಗೆ ಜ್ಞಾನಪೀಠ ಘೋಷಣೆಯಾದದ್ದು 2011ರಲ್ಲಿ, ಅಂದರೆ ಜಗಳ ಶುರುವಾಗುವ ಹಿಂದಿನ ವರ್ಷ. ಮಲಾಮರಡಿಯ ಬಸವರಾಜ ಕಟ್ಟೀಮನಿ, ಬೆಟಗೇರಿಯ ಆನಂದಕಂದರು ಇದೇ ನೆಲದವರು. ಸಾಹಿತ್ಯದಲ್ಲಿ ತಲೆ ಎತ್ತಿ ನಿಂತ ಮಾತಿಗೆ ಟಿವಿಯಲ್ಲಿ ನೆಲದ ಮೇಲೆ ಕೂರಲೂ ಜಾಗ ಸಿಗಲಿಲ್ಲ. ಹೀಗಿರುವಾಗ ಡಬ್ಬಿಂಗ್ ಬಂದರೆ ಕನ್ನಡತನ ಹಾಳಾಗುತ್ತದೆ ಎಂದರೆ ಇಲ್ಲಿಯವರಿಗೆ ಆ ಭಯ ಹೇಗೆ ತಟ್ಟಬೇಕು? ತೆರೆಯ ಮೇಲಿನ ಕನ್ನಡ ಮೊದಲೇ ಅರ್ಧ ಪರವೂರಿನದಾಗಿತ್ತು.

ಜಗಳ ತೀರಿಸಿದ್ದು ಕೊರೊನಾ. 2020ರ ಮಾರ್ಚಿನಲ್ಲಿ ಚಿತ್ರೀಕರಣ ನಿಂತಿತು. ವಾಹಿನಿಗಳ ಹತ್ತಿರ ಹೊಸ ಕಂತು ಉಳಿಯಲಿಲ್ಲ. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ಹಿಂದಿಯ ಹೊಸ ‘ಮಹಾಭಾರತ’ವನ್ನು ಕನ್ನಡದ ದನಿಯಲ್ಲಿ ತಂದಿತು. 1988ರಿಂದ 1990ರವರೆಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನು ಭಾನುವಾರ ಬೆಳಗ್ಗೆ ಹಿಂದಿಯಲ್ಲೇ, ಅರ್ಧ ಅರ್ಥವಾಗಿ ಅರ್ಧ ಊಹಿಸಿ ನೋಡಿದ ಅಜ್ಜಿಯಂದಿರು ಮೂವತ್ತು ವರ್ಷದ ಮೇಲೆ ಕೃಷ್ಣನ ಮಾತನ್ನು ತಮ್ಮ ಭಾಷೆಯಲ್ಲಿ ಕೇಳಿದರು. ಕಿರುತೆರೆಯ ಕಲಾವಿದರು, ತಂತ್ರಜ್ಞರು ಪ್ರತಿಭಟಿಸಿದರು. ಕೆಲಸವಿಲ್ಲದೆ ಮನೆಯಲ್ಲಿ ಕೂತ ದಿನಗಳಲ್ಲಿ ತಮ್ಮ ಜಾಗಕ್ಕೆ ದನಿ ಮಾತ್ರ ಬದಲಿಸಿದ ಸರಕು ಬಂದರೆ ಯಾರಿಗಾದರೂ ಹೊಟ್ಟೆ ಉರಿಯುವುದೇ. ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೆ ಬೀದಿಯಲ್ಲಿ ಅವರ ಬೆನ್ನಿಗೆ ನಿಲ್ಲುವ ಜನ ಈ ಸಲ ಇರಲಿಲ್ಲ.

ಜುಲೈಯಲ್ಲಿ ಜೀ ಕನ್ನಡ ‘ಮಹಾನಾಯಕ’ ಶುರುಮಾಡಿತು. ಡಾ. ಬಿ.ಆರ್. ಅಂಬೇಡ್ಕರ್ ಅವರ ಬಾಲ್ಯದಿಂದ ಆರಂಭವಾಗುವ ಆ ಧಾರಾವಾಹಿ ಹಿಂದಿಯ ಆಂಡ್ ಟಿವಿಯಲ್ಲಿ 2019ರ ಡಿಸೆಂಬರಿನಿಂದ ಬರುತ್ತಿತ್ತು. ಕನ್ನಡದಲ್ಲಿ ಬಂದಾಗ ಏನಾಯಿತು ಎಂಬುದನ್ನು ಟಿಆರ್‌ಪಿಯ ಲೆಕ್ಕದಿಂದ ತಿಳಿಯಲು ಆಗದು. ಹಂಸಲೇಖ ಅದಕ್ಕೆ ಹಾಡು ಕಟ್ಟಿದರು. ಹಳ್ಳಿಹಳ್ಳಿಯ ಯುವಕರು ಚಂದಾ ಎತ್ತಿ ಫ್ಲೆಕ್ಸ್ ಹಾಕಿದರು. ಧಾರಾವಾಹಿಯೊಂದಕ್ಕೆ ನೋಡುಗರೇ ಹಣ ಹಾಕಿ ಬ್ಯಾನರ್ ಕಟ್ಟುವುದನ್ನು ಕರ್ನಾಟಕ ಮೊದಲು ಕಂಡಿರಲಿಲ್ಲ, ಅದು ನಟರ ಸಿನಿಮಾಕ್ಕೆ ಮೀಸಲಾಗಿದ್ದ ಗೌರವ. ಪ್ರಸಾರ ನಿಲ್ಲಿಸಬೇಕೆಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆ ಬಂತು. ಅದನ್ನು ಅವರು ಹೊರಗೆ ಹೇಳಿದಾಗ ಫ್ಲೆಕ್ಸುಗಳು ಇನ್ನೂ ಹೆಚ್ಚಿದವು. ಆ ಬೆದರಿಕೆಗೂ ಹಳೆಯ ಡಬ್ಬಿಂಗ್ ವಿರೋಧಕ್ಕೂ ಸಂಬಂಧವಿಲ್ಲ. ಚಿತ್ರರಂಗದವರು ಹೊಟ್ಟೆಪಾಡಿಗೆ ಹೆದರಿದ್ದರು, ಬೆದರಿಸಿದವರಿಗೆ ಚುಚ್ಚಿದ್ದು ಅಂಬೇಡ್ಕರರ ಬದುಕು ಮನೆಮನೆಗೆ ಬರುತ್ತಿದ್ದುದು.

ನಮ್ಮ ಸೀಮೆಗೆ ಅಂಬೇಡ್ಕರ್ ದೂರದವರಲ್ಲ. 1925ರ ಏಪ್ರಿಲಿನಲ್ಲಿ ಅವರು ಹತ್ತಿರದ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ದಲಿತರ ಪರಿಷತ್ತಿನ ಅಧ್ಯಕ್ಷತೆ ವಹಿಸಿ ಮಾತಾಡಿದ್ದರು. ಆ ನೆನಪು ಮರಾಠಿಯಲ್ಲಿ ಬೆಳೆದಷ್ಟು ಕನ್ನಡದಲ್ಲಿ ಬೆಳೆದಿರಲಿಲ್ಲ. ಶಾಲೆಯಲ್ಲಿ ಗೋಣಿಚೀಲ ಹಾಸಿ ಬೇರೆ ಕೂತ ಹುಡುಗನ ಕಥೆಯನ್ನು ತೊಂಬತ್ತೈದು ವರ್ಷದ ಮೇಲೆ ಶನಿವಾರ, ಭಾನುವಾರದ ಸಂಜೆ ಮನೆಮಂದಿಯೆಲ್ಲ ಕೂತು ಕನ್ನಡದಲ್ಲಿ ನೋಡಿದರು. ಓದು ಬಾರದ ತಾಯಿ ನೋಡಿದಳು, ಅವಳ ಜೊತೆ ಮೇಲ್ಓಣಿಯ ಮನೆಗಳೂ ನೋಡಿದವು. 2012ರಲ್ಲಿ ‘ಸತ್ಯಮೇವ ಜಯತೇ’ಯ ಅಸ್ಪೃಶ್ಯತೆಯ ಕಂತು ಈ ಮನೆಗಳಿಗೆ ಬಂದಿರಲಿಲ್ಲ ಎಂಬುದನ್ನು ನೆನೆದರೆ ಎಂಟು ವರ್ಷ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಡಬ್ಬಿಂಗ್ ಬೇಕೋ ಬೇಡವೋ ಎಂಬ ವಾದದಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. ಒಬ್ಬರ ದುಡಿಮೆಯನ್ನು ಕಾಯುವುದಕ್ಕೆ ಇನ್ನೊಬ್ಬರ ತಿಳಿವಳಿಕೆಯನ್ನು ತಡೆಯುವ ಹಕ್ಕು ಯಾವ ಸಂಘಕ್ಕೂ ಇರಬಾರದಿತ್ತು. ದುಡಿಮೆಯನ್ನು ಕಾಯಲು ಬೇರೆ ದಾರಿ ಹುಡುಕಬೇಕಿತ್ತು, ಹುಡುಕಲಿಲ್ಲ.

ಉದ್ಯಮ ತಾನೇ ಆ ದಾರಿಯನ್ನು ಕಂಡುಕೊಂಡಿತು, ಅದೂ ಡಬ್ಬಿಂಗ್‌ನಿಂದಲೇ. ಹೊರಗೆ ಹೋಗುವ ದಾರಿ ಎಂದೂ ಮುಚ್ಚಿರಲಿಲ್ಲ. ರಾಜ್‌ಕುಮಾರ್ ಅವರ ‘ಮಹಿಷಾಸುರ ಮರ್ದಿನಿ’ 1959ರಲ್ಲೇ ಹಿಂದಿಯ ದನಿ ತೊಟ್ಟು ಹೋಗಿತ್ತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಹಿಂದಿ, ತೆಲುಗು, ತಮಿಳು, ಮಲಯಾಳಂ ದನಿಗಳಲ್ಲಿ ಹೋಗಿ ಗೆದ್ದಿತು, 2022ರಲ್ಲಿ ಅದರ ಎರಡನೆಯ ಭಾಗವೂ ‘ಕಾಂತಾರ’ವೂ ಗೆದ್ದವು. ಕೊಡುವುದು ಸರಿ, ತೆಗೆದುಕೊಳ್ಳುವುದು ತಪ್ಪು ಎಂದು ಹೇಳುವವರು ಆಮೇಲೆ ಉಳಿಯಲಿಲ್ಲ.

ಉಳಿದದ್ದು ಗೋಕಾಕದವರ ಹಳೆಯ ತಕರಾರು. ಡಬ್ಬಿಂಗ್ ಬಂದ ಮೇಲೂ ಮಹಾಭಾರತದ ಕೃಷ್ಣ ಮಾತಾಡಿದ್ದು ಪುಸ್ತಕದ ಕನ್ನಡ. ಆ ತಕರಾರಿಗೆ ಒಂದಿಷ್ಟು ಉತ್ತರ ಬಂದದ್ದು ಆಟದ ಕಾರ್ಯಕ್ರಮಗಳಿಂದಲೇ. ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ 2019ರಲ್ಲಿ ಜೀ ಕನ್ನಡದ ‘ಸರಿಗಮಪ’ದಲ್ಲಿ ಎರಡನೆಯವನಾದ. ಹಾಡಿಗೆ ವೋಟು ಬಿತ್ತೋ ಬಡತನಕ್ಕೋ ಎಂದು ಆಗ ಎಷ್ಟು ಜನ ತಕರಾರು ತೆಗೆದರು! 2025ರ ಜನವರಿಯಲ್ಲಿ ಅವನೇ ‘ಬಿಗ್ ಬಾಸ್ ಕನ್ನಡ’ದ ಹನ್ನೊಂದನೆಯ ಸೀಸನ್ ಗೆದ್ದಾಗ ಅದೇ ಜಗಳ ಮತ್ತೆ ಎದ್ದಿತು, ಸುದೀಪ್ ಪಕ್ಕದಲ್ಲಿ ಲುಂಗಿ ಉಟ್ಟು ನಿಂತವನ ಕೈ ಮೇಲೆದ್ದ ಮೇಲೂ ನಿಲ್ಲಲಿಲ್ಲ. ಆ ಆಟವೂ ಡಚ್ಚರದು, 1999ರದು. ಆ ಹುಡುಗ ಅದರೊಳಗೆ ಹೊಕ್ಕ ದಿನದಿಂದ ಕೊನೆಯ ದಿನದವರೆಗೆ ಹಾವೇರಿಯ ತನ್ನ ಕನ್ನಡವನ್ನೇ ಆಡಿದ, ಸಿಟ್ಟು, ತಮಾಷೆ, ಉಪಾಯ, ಅಳು ಎಲ್ಲವನ್ನೂ ಅದರಲ್ಲೇ. ಹಾಗೆ ಮಾತಾಡುವವನು ನಗಿಸುವುದಕ್ಕಷ್ಟೇ ಇರುತ್ತಾನೆ ಎಂದುಕೊಂಡಿದ್ದ ವಾಹಿನಿಗಳು ಧಾರಾವಾಹಿಯ ನಾಯಕನಿಗೆ ಆ ಮಾತು ಕೊಡುವ ಧೈರ್ಯವನ್ನು ಇನ್ನೂ ಮಾಡಬೇಕಿದೆ.